ಕೊಂಡಿದ್ದು ಆಟವನ್ನೋ, ಮೈದಾನವನ್ನೋ?

ಎಲ್ಲರಿಗೂ ನಮಸ್ಕಾರ.

ಆನ್‌ಲೈನ್ ವಿಡಿಯೊ ಗೇಮ್‌ಗೆ ಕೊಟ್ಟ ದುಡ್ಡಿಗೆ ತಕ್ಕಷ್ಟು ಸರಕು ಅದರೊಳಗೆ ಇರುತ್ತದೆಯೇ? ಇದು ಇವತ್ತಿನ ಪ್ರಶ್ನೆ. ಗೇಮರ್‌ಗಳು 'ಕಂಟೆಂಟ್' ಅನ್ನುತ್ತಾರಲ್ಲ, ಅದೇ ಸರಕು.

ಇದಕ್ಕೆ ಎಲ್ಲರೂ ಹಾಕುವ ಲೆಕ್ಕ ಒಂದಿದೆ. 60 ಡಾಲರ್‌ನ ಗೇಮ್, 300 ಗಂಟೆ ಆಡಿದೆ, ಗಂಟೆಗೆ 20 ಸೆಂಟ್ ಬಿತ್ತು. ಅಗ್ಗ ಅಲ್ವಾ? ನನಗೆ ಈ ಲೆಕ್ಕದ ಮೇಲೆ ನಂಬಿಕೆ ಇಲ್ಲ. ಆ 300 ಗಂಟೆಗಳಲ್ಲಿ ಎಷ್ಟನ್ನು ಖುಷಿಯಿಂದ ಆಡಿದಿರಿ? 'ಇವತ್ತು ಲಾಗಿನ್ ಆಗದಿದ್ದರೆ ಬಹುಮಾನ ತಪ್ಪಿಹೋಗುತ್ತದೆ' ಅಂತ ಎಷ್ಟು ಹೊತ್ತು ಕೂತಿರಿ? ಅದೇ ಹತ್ತು ರಾಕ್ಷಸರನ್ನು ನೂರು ಸಲ ಕೊಲ್ಲಿಸಿದರೂ ಗಡಿಯಾರ ಓಡುತ್ತಲೇ ಇರುತ್ತದೆ.

ಮ್ಯಾಪ್, ಅಂದರೆ ಆಟ ನಡೆಯುವ ಜಾಗ, ಎಷ್ಟು, ಪಾತ್ರ ಎಷ್ಟು ಅಂತ ಎಣಿಸುವವರೂ ಇದ್ದಾರೆ. ಅದೂ ಸಾಲದು. ಗುಂಡು ಹಾರಿಸುವ ಗೇಮ್ ಕೌಂಟರ್-ಸ್ಟ್ರೈಕ್‌ನ 'ಡಸ್ಟ್ 2' ಮ್ಯಾಪ್ ನೋಡಿ. ಬಂದಿದ್ದು 2001ರಲ್ಲಿ. ನಾಲ್ಕೈದು ಓಣಿ, ಬಾಂಬ್ ಇಡಲು ಎರಡು ಜಾಗ. ಅಷ್ಟೇ. ಜನ ಇವತ್ತಿಗೂ ಅದನ್ನೇ ಆಡುತ್ತಿದ್ದಾರೆ. ಚದುರಂಗದ ಹಲಗೆಯಲ್ಲೂ ಇರುವುದು 64 ಮನೆ. ಇನ್ನೂ ನಾಲ್ಕು ಸೇರಿಸಿ ಅಂತ ಯಾರೂ ಜಗಳ ಆಡಿಲ್ಲ.

ಯಾಕೆಂದರೆ ಇಂಥ ಆಟದಲ್ಲಿ ಸರಕು ಅಂದರೆ ಎದುರಾಳಿಯೇ. ಕಂಪನಿ ಮಾರುವುದು ಮೈದಾನ ಮತ್ತು ನಿಯಮ. ಆಟ ತರುವವರು ನಾವು. ನನ್ನ ತಕರಾರು ಮೈದಾನ ಚಿಕ್ಕದು ಅಂತಲ್ಲ. ಮೈದಾನಕ್ಕೆ ಅರಮನೆಯ ಬೆಲೆ ಹಾಕುತ್ತಾರೆ, ಆಮೇಲೆ ಮೈದಾನವನ್ನೇ ತುಂಡು ಮಾಡಿ ಮಾರುತ್ತಾರೆ ಅಂತ.

ಈ ತುಂಡು ಮಾಡುವ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2015ರ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್‌ಗೆ 60 ಡಾಲರ್ ಬೆಲೆ ಇತ್ತು. ಒಬ್ಬರೇ ಕೂತು ಆಡುವ ಕಥೆ ಅದರಲ್ಲಿ ಇರಲಿಲ್ಲ. ಮುಂದೆ ಬರುವ ಮ್ಯಾಪ್‌ಗಳೆಲ್ಲ ಬೇಕೆಂದರೆ ಸೀಸನ್ ಪಾಸ್, ಅದಕ್ಕೆ ಮತ್ತೆ 50 ಡಾಲರ್. ದುಬಾರಿ ಅನ್ನುವುದು ಒಂದು ಮಾತು. ಅದಕ್ಕಿಂತ ಜಾಸ್ತಿ ತೊಂದರೆ ಬೇರೆ ಕಡೆ ಇದೆ. ಕೊಂಡವರು ಹೊಸ ಮ್ಯಾಪ್‌ಗೆ ಹೋಗುತ್ತಾರೆ, ಕೊಳ್ಳದವರು ಹಳೆಯದರಲ್ಲೇ ಉಳಿಯುತ್ತಾರೆ. ಒಂದೇ ಗುಂಪು ಎರಡಾಗುತ್ತದೆ. ಇನ್ನೊಂದು ಮ್ಯಾಪ್ ಪ್ಯಾಕ್ ಬಂದರೆ ಮೂರು, ನಾಲ್ಕು. ನಿಮ್ಮ ಮಟ್ಟದ ಎದುರಾಳಿ, ಹತ್ತಿರದ ಸರ್ವರ್ (ಆಟ ನಡೆಸುವ ಕಂಪ್ಯೂಟರ್), ಒಳ್ಳೆಯ ಪಿಂಗ್ (ತಡವಿಲ್ಲದ ಸಂಪರ್ಕ) ಎಲ್ಲವನ್ನೂ ಆಟಗಾರರನ್ನು ಜೋಡಿಸುವ ಮ್ಯಾಚ್‌ಮೇಕಿಂಗ್ ಆ ಚಿಕ್ಕ ಗುಂಪಿನೊಳಗೇ ಹುಡುಕಬೇಕು. ಜಾಸ್ತಿ ದುಡ್ಡು ಕೊಟ್ಟವರೇ ಜಾಸ್ತಿ ಕಾಯುವ ಹಾಗಾಗುತ್ತದೆ!

ನಾನೂ ಕಾದಿದ್ದೇನೆ. ಯಾವ ಗೇಮ್ ಅಂತ ಹೇಳುವುದಿಲ್ಲ. ಆಸೆಪಟ್ಟು ಮೂರು ಮ್ಯಾಪ್‌ಗಳ ಪ್ಯಾಕ್ ಕೊಂಡೆ. ರಾತ್ರಿ ಹನ್ನೊಂದಕ್ಕೆ ಕೂತರೆ 'ಇನ್ನೂ ಐದು ಜನ ಬೇಕು' ಅಂತ ಬರುತ್ತಿತ್ತು. ಐದು ನಾಲ್ಕಾಗುತ್ತಿತ್ತು, ಮತ್ತೆ ಆರಾಗುತ್ತಿತ್ತು.

ಈ ಕಷ್ಟ ಕಂಪನಿಗಳಿಗೂ ಅರ್ಥವಾಯಿತು. 2014ರಲ್ಲಿ ಬಂದ ಟೈಟನ್‌ಫಾಲ್ ತನ್ನ ಮ್ಯಾಪ್ ಪ್ಯಾಕ್‌ಗಳನ್ನು ಮಾರಿತ್ತು. 2016ರ ಟೈಟನ್‌ಫಾಲ್ 2 ಹೊಸ ಮ್ಯಾಪ್‌ಗಳನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟಿತು, ಜೊತೆಗೆ ಒಂದು ಸೊಗಸಾದ ಕಥೆಯನ್ನೂ. 2017ರಲ್ಲಿ ಫೋರ್ಟ್‌ನೈಟ್ ಬ್ಯಾಟಲ್ ರಾಯಲ್ ಪ್ರವೇಶವನ್ನೇ ಉಚಿತ ಮಾಡಿ ವೇಷಭೂಷಣ ಮಾರಲು ಕೂತಿತು. ಆ ವೇಷ, ಅಂದರೆ ಸ್ಕಿನ್, ಕೊಂಡವರೂ ಕೊಳ್ಳದವರೂ ಒಂದೇ ಮೈದಾನದಲ್ಲಿ. ಸ್ಕಿನ್‌ಗೆ ಅಷ್ಟೊಂದು ಸುರಿಯುವವರನ್ನು ಕಂಡರೆ ನನಗೆ ಇವತ್ತಿಗೂ ಆಶ್ಚರ್ಯ, ಅದು ಬೇರೆ ಮಾತು.

ಸರಕು ತುಂಬಿಟ್ಟರೂ ಜನ ಬರದಿದ್ದರೆ? 2024ರ ಗೇಮ್ ಕಾನ್‌ಕಾರ್ಡ್ ನೆನಪಿಸಿಕೊಳ್ಳಿ. 40 ಡಾಲರ್, 16 ಪಾತ್ರಗಳು, ಕಣ್ಣಿಗೆ ಹಬ್ಬದಂಥ ಕೆಲಸ. ಆಗಸ್ಟ್ 23ಕ್ಕೆ ಬಿಡುಗಡೆ, ಸೆಪ್ಟೆಂಬರ್ 6ಕ್ಕೆ ಬಾಗಿಲು ಬಂದ್. ಕೊಂಡವರಿಗೆ ದುಡ್ಡು ವಾಪಸ್ ಕೊಟ್ಟರು, ಅದು ಮೆಚ್ಚಬೇಕಾದ್ದೇ.

ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. 2014ರ ಕಾರ್ ಗೇಮ್ 'ದ ಕ್ರೂ'ನಲ್ಲಿ ಒಬ್ಬರೇ ಆಡಬಹುದಾದ ಕಥೆ ಇತ್ತು. ಆದರೆ ಅದಕ್ಕೂ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಂತಿತು, ಕಥೆಯೂ ಅಲ್ಲಿಗೇ ನಿಂತಿತು. ಡೆಸ್ಟಿನಿ 2ರಲ್ಲಿ ಗೇಮ್ ನಡೆಯುತ್ತಲೇ ಇದೆ, ಆದರೆ 2017ರಲ್ಲಿ ದುಡ್ಡು ಕೊಟ್ಟು ಕೊಂಡಿದ್ದ ಕಥೆಯನ್ನೇ 2020ರ ನವೆಂಬರ್‌ನಲ್ಲಿ ಹೊರಗಿಟ್ಟರು. ಗೇಮ್ ತೀರಾ ದೊಡ್ಡದಾಯಿತು ಅನ್ನುವುದು ಕಂಪನಿ ಕೊಟ್ಟ ಕಾರಣಗಳಲ್ಲಿ ಒಂದು.

ಈ ವಿಷಯದಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ನನಗೆ ಜಾಸ್ತಿ ಪ್ರಾಮಾಣಿಕ ಅನ್ನಿಸುತ್ತದೆ. 2004ರಿಂದ ತಿಂಗಳಿಗೆ ಸುಮಾರು 15 ಡಾಲರ್ ಕೇಳುತ್ತಿದೆ. ಬಾಡಿಗೆ ಅಂತ ಬಾಡಿಗೆದಾರನಿಗೆ ಗೊತ್ತಿರುತ್ತದೆ. 60 ಡಾಲರ್ ಒಂದೇ ಸಲ ಕಿತ್ತುಕೊಂಡು 'ಇದು ನಿಮ್ಮದು' ಅನ್ನುವ ಗುಂಡಿ ತೋರಿಸುವವರ ವಿಷಯ ಹಾಗಲ್ಲ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಒಂದು ಕಾನೂನು ಬಂದಿದೆ. ಕೊಡುತ್ತಿರುವುದು ಬರೀ ಬಳಸುವ ಪರವಾನಗಿ ಆಗಿದ್ದರೆ, ಡಿಜಿಟಲ್ ಅಂಗಡಿ ಅದನ್ನು ಸ್ಪಷ್ಟವಾಗಿ ಹೇಳಬೇಕು.

ಈಗ ನಾನು ಕೊಳ್ಳುವ ಮುಂಚೆ ಮ್ಯಾಪ್ ಎಣಿಸುವುದಿಲ್ಲ. ನಾನು ಆಡುವ ಹೊತ್ತಿನಲ್ಲಿ ಎಷ್ಟು ಜನ ಇರುತ್ತಾರೆ, ಸರ್ವರ್ ಹೋದರೆ ಏನು ಉಳಿಯುತ್ತದೆ, ಮುಂದಿನ ಮ್ಯಾಪ್ ಎಲ್ಲರಿಗೂ ಸಿಗುತ್ತದೆಯೇ, ಇಷ್ಟನ್ನು ನೋಡುತ್ತೇನೆ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಮ್ಯಾಚ್ ಸಿಗುತ್ತದೋ ಇಲ್ಲವೋ ತಿಳಿಯಲು ಅಷ್ಟು ಹೊತ್ತು ಸಾಕು.

ಆ ಪ್ಯಾಕ್ ಕೊಂಡಾಗ ನನಗೆ ಇಷ್ಟೆಲ್ಲ ಗೊತ್ತಿರಲಿಲ್ಲ. ಮೂರೂ ಮ್ಯಾಪ್‌ಗಳು ಈಗಲೂ ನನ್ನ ಖಾತೆಯಲ್ಲಿವೆ. ಅವುಗಳಲ್ಲಿ ಎರಡರ ಒಳಗೆ ನಾನು ಇನ್ನೂ ಕಾಲಿಟ್ಟಿಲ್ಲ.