ಆಪರೇಷನ್ ಸಕ್ಸಸ್, ಆದರೆ ನಿದ್ದೆ ಬಂತಾ?

ಎಲ್ಲರಿಗೂ ನಮಸ್ಕಾರ. ಹಾಸನದ ನರ್ಸಿಂಗ್ ವಿದ್ಯಾರ್ಥಿಗಳೇ ಜಾಸ್ತಿ ಇದ್ದೀರಿ, ಹಾಗಾಗಿ ವಾರ್ಡಿನ ಮಾತನ್ನೇ ಆಡುತ್ತೇನೆ.

ದೊಡ್ಡ ಆಪರೇಷನ್ ಆದ ಮರುದಿನ ರೌಂಡ್ಸಿನಲ್ಲಿ ನಾವು ನೋಡೋದೇನು? ಬಿಪಿ, ಜ್ವರ, ಡ್ರೈನಿನಲ್ಲಿ (ಗಾಯದ ದ್ರವ ಹೊರತರುವ ಕೊಳವೆ) ಎಷ್ಟು ಬಂತು, ಮೂತ್ರ ಎಷ್ಟು ಹೋಯಿತು. ಇವೆಲ್ಲ ಬೇಕು. ಆದರೆ ಇವೆಲ್ಲ ಸರಿಯಿದ್ದು, ರಾತ್ರಿಯಿಡೀ ಕಣ್ಣು ಮುಚ್ಚದೆ ವಾಕರಿಸುತ್ತಿದ್ದವರನ್ನೂ ನಾವು 'ಸ್ಟೇಬಲ್' ಅಂತಲೇ ಬರೆಯುತ್ತೇವೆ.

ಚೇತರಿಕೆಯನ್ನು ರೋಗಿಯ ಬಾಯಿಂದಲೇ ಅಳೆಯಲು ಮೆಲ್ಬರ್ನಿನ ಅರಿವಳಿಕೆ ತಜ್ಞ ಪಾಲ್ ಮೈಲ್ಸ್ ಮತ್ತು ಜೊತೆಯವರು 2000ದಲ್ಲಿ ಕ್ಯೂಒಆರ್-40 (ಕ್ವಾಲಿಟಿ ಆಫ್ ರಿಕವರಿ, ಅಂದರೆ ಚೇತರಿಕೆಯ ಗುಣಮಟ್ಟ) ಅನ್ನುವ ಪ್ರಶ್ನಾವಳಿ ತಂದರು. ಹೊಟ್ಟೆ ಕೊಯ್ಸಿಕೊಂಡು ಮಲಗಿದವರಿಗೆ 40 ಪ್ರಶ್ನೆ! 2013ರಲ್ಲಿ ಅದನ್ನು 15ಕ್ಕೆ ಇಳಿಸಿದರು, ಪುಣ್ಯ. ಕಳೆದ 24 ಗಂಟೆಯಲ್ಲಿ ಉಸಿರಾಟ ಸಲೀಸಾಗಿತ್ತಾ, ಊಟ ರುಚಿಸಿತಾ, ಶೌಚ-ಸ್ನಾನ ತಾನೇ ಮಾಡಿಕೊಳ್ಳಲು ಆಯಿತಾ, ಮನೆಯವರ ಜೊತೆ ಮಾತಾಡಿದರಾ, ಬೇಜಾರು-ಚಿಂತೆ ಕಾಡಿತಾ, ಹೀಗೆ. ಒಂದೊಂದಕ್ಕೆ 0ಯಿಂದ 10, ಒಟ್ಟು 150.

ಇಲ್ಲೊಂದು ಎಡವಟ್ಟು ಇದೆ, ಗಮನವಿಟ್ಟು ಕೇಳಿ. ವಾರ್ಡಿನಲ್ಲಿ ನಾವು ದಿನಾ ಕೇಳುವ ನೋವಿನ ಅಳತೆಯಲ್ಲಿ 10 ಅಂದರೆ ತಡೆಯಲಾಗದ ನೋವು. ಈ ಹಾಳೆಯಲ್ಲಿ ಉಲ್ಟಾ: ನೋವು, ವಾಕರಿಕೆ, ಚಿಂತೆ ಒಂದು ಸಲವೂ ಬರಲಿಲ್ಲ ಅಂದರೇ 10. ಬಿಡಿಸಿ ಹೇಳದಿದ್ದರೆ ನರಳುತ್ತಿರುವವರೂ '9 ಹಾಕಿ' ಅಂತಾರೆ, ನಾವು ಖುಷಿಯಿಂದ ಬರೆದುಕೊಳ್ಳುತ್ತೇವೆ.

ಇನ್ನೊಂದು ತೊಂದರೆ ನಮ್ಮ ಕಡೆಯದ್ದೇ. ಉತ್ತರ ರೋಗಿ ಕೊಡಬೇಕು, ಕೊಡೋರು ಮನೆಯವರು. ಸಕಲೇಶಪುರ ಕಡೆಯ ಒಬ್ಬರು ಅಜ್ಜಿ, ಕರುಳಿನ ಆಪರೇಷನ್ ಆಗಿತ್ತು. ಏನು ಕೇಳಿದರೂ ಮಗನೇ "ನಿನ್ನೆಗಿಂತ ಎಷ್ಟೋ ವಾಸಿ ಡಾಕ್ಟ್ರೇ" ಅನ್ನುತ್ತಿದ್ದರು. ಅಜ್ಜಿ "ಪರವಾಗಿಲ್ಲ ಕಣಪ್ಪ" ಅಂದು ಸುಮ್ಮನಾದರು. ಮಗ ಮೆಡಿಕಲ್ಸಿಗೆ ಇಳಿದು ಹೋದಾಗ ಸಿಸ್ಟರ್ ಮತ್ತೆ ಕೇಳಿದರು. "ಎಂಥಾ ನಿದ್ದೆ ಕಣವ್ವ, ಸೊನ್ನೆ ಹಾಕು." ಚಿಂತೆ? "ಕಾಫಿ ಕುಯ್ಲು ಶುರುವಾಗೈತೆ, ಆಳುಗಳನ್ನ ಯಾರು ನೋಡ್ಕೋತಾರೆ?" ಬಿಪಿ ಚಾರ್ಟಿನಲ್ಲಿ ಇದು ಸಿಗುತ್ತಾ? ಅದಕ್ಕೇ ನನಗೆ ಒಟ್ಟು ಅಂಕಕ್ಕಿಂತ ಒಂದೊಂದು ಉತ್ತರವೇ ಮುಖ್ಯ. ಒಟ್ಟು ನೂರು ದಾಟಿದ ಹಾಳೆಯೊಳಗೂ ನಿದ್ದೆಯ ಸೊನ್ನೆ ಅಡಗಿ ಕೂತಿರುತ್ತದೆ.

ಹಾಗಂತ ಒಟ್ಟು ಅಂಕ ದಂಡ ಅಲ್ಲ. ಎಷ್ಟು ವ್ಯತ್ಯಾಸವಾದರೆ ರೋಗಿಗೆ ನಿಜಕ್ಕೂ ಗೊತ್ತಾಗುತ್ತೆ ಅಂತ ಲೆಕ್ಕ ಹಾಕಿದ್ದಾರೆ. ಮೊದಲು 8 ಅಂಕ ಅಂದಿದ್ದರು, 2021ರಲ್ಲಿ 6ಕ್ಕೆ ಇಳಿಸಿದರು. ಆದರೆ ಆಪರೇಷನ್ನಿಗೆ ಮುಂಚಿನ ಅಂಕ ಇಲ್ಲದಿದ್ದರೆ ಯಾವುದರಿಂದ ಕಳೆಯುತ್ತೀರಿ? ಮೊದಲೇ ದಮ್ಮಿನಿಂದ ಏದುತ್ತಿದ್ದವರು ಮರುದಿನ ಉಸಿರಾಟಕ್ಕೆ 5 ಕೊಟ್ಟರೆ ಅದು ಆಪರೇಷನ್ನಿನ ತಪ್ಪಲ್ಲ. ಅರಿವಳಿಕೆ ತಪಾಸಣೆಗೆ ಬಂದ ದಿನವೇ ಒಂದು ಹಾಳೆ ತುಂಬಿಸಿ, ಕೇಸ್ ಶೀಟಿಗೆ ಪಿನ್ ಮಾಡಿಡಿ.

ಮನೆಗೆ ಹೋದ ಮೇಲಿನ ಅಳತೆ ಬೇರೆ: ಆಪರೇಷನ್ ಆದ ಮೊದಲ 30 ದಿನದಲ್ಲಿ ಎಷ್ಟು ದಿನ ಮನೆಯಲ್ಲಿದ್ದರು ಅನ್ನುವ ಎಣಿಕೆ. ಸೋಂಕಾಗಿ ಮತ್ತೆ ಅಡ್ಮಿಟ್ ಆದರೆ ಆ ದಿನಗಳೂ ಕಳೆದುಹೋಗುತ್ತವೆ. ಎಣಿಸೋದು ಸುಲಭ, ಫೋನ್ ಮಾಡಿದರೆ ಸಾಕು. ಆದರೆ ಫೋನ್ ಎತ್ತೋದೂ ಮಗನೇ ಅಲ್ವಾ? ಅಜ್ಜಿಗೆ ಕೊಡಿ ಅಂತ ಕೇಳಿ.