ಲೂಸಿಯಾಳ ಮಗ ಪಾಕೊ

ಕೇಳುಗರೆ, ನಮಸ್ಕಾರ.

1958ರಲ್ಲಿ ಸ್ಪೇನಿನ ದಕ್ಷಿಣ ತುದಿಯ ಅಲ್ಹೆಸೀರಾಸ್ ಎಂಬ ಬಂದರು ಪಟ್ಟಣದ ಬಾನುಲಿ ನಿಲಯದಲ್ಲಿ ಒಬ್ಬ ಹುಡುಗ ಗಿಟಾರ್ ಹಿಡಿದು ಮೈಕಿನ ಮುಂದೆ ಕುಳಿತ. ಹತ್ತು ಹನ್ನೊಂದರ ವಯಸ್ಸು, ಬಹಳ ನಾಚಿಕೆಯ ಸ್ವಭಾವ. ಹೊರಗಿನ ಜಗತ್ತು ಅವನ ಗಿಟಾರನ್ನು ಕೇಳಿದ್ದು ಅದೇ ಮೊದಲು. ಒಬ್ಬ ಮಹಾನ್ ಕಲಾವಿದನ ಮೊದಲ ಹೆಜ್ಜೆ ಬಿದ್ದದ್ದು ಇಂಥದೇ ಒಂದು ಬಾನುಲಿ ಕೋಣೆಯಲ್ಲಿ ಎಂಬುದು, ಮೈಕಿನ ಮುಂದೆ ಕುಳಿತಾಗಲೆಲ್ಲ ನನಗೆ ನೆನಪಾಗುತ್ತದೆ.

ಆ ಹುಡುಗನ ಹೆಸರು ಫ್ರಾನ್ಸಿಸ್ಕೊ ಸಾಂಚೆಸ್ ಗೋಮೆಸ್. ಹುಟ್ಟಿದ್ದು 1947ರ ಡಿಸೆಂಬರ್ 21ರಂದು. ಫ್ರಾನ್ಸಿಸ್ಕೊ ಎಂಬ ಹೆಸರಿನವರನ್ನು ಅಲ್ಲಿ ಪಾಕೊ ಎಂದು ಕರೆಯುತ್ತಾರೆ. ಕೇರಿಯ ತುಂಬ ಪಾಕೊಗಳೇ ಇದ್ದುದರಿಂದ, ನಮ್ಮ ಹಳ್ಳಿಗಳಲ್ಲಿ ನಿಂಗಮ್ಮನ ಮಗ ಸಿದ್ದ ಎಂದು ಗುರುತು ಹಿಡಿಯುವಂತೆ, ಇವನು ಲೂಸಿಯಾಳ ಮಗ ಪಾಕೊ ಆದ. ಲೂಸಿಯಾ ಪೋರ್ಚುಗಲ್ ಮೂಲದ ಹೆಣ್ಣುಮಗಳು. ಮಗ ಮುಂದೆ ಆ ಕೇರಿಯ ಹೆಸರನ್ನೇ ವೇದಿಕೆಗೂ ಉಳಿಸಿಕೊಂಡ. ಪಾಕೊ ದೆ ಲೂಸಿಯಾ ಎಂಬ ಜಗತ್ಪ್ರಸಿದ್ಧ ಹೆಸರಿನಲ್ಲಿ ಇರುವುದು ಆ ತಾಯಿಯೇ.

ತಂದೆ ಆಂತೋನಿಯೊ ಹಗಲು ಬಟ್ಟೆ ವ್ಯಾಪಾರ ಮಾಡಿ, ರಾತ್ರಿ ಉಳ್ಳವರ ಮೋಜಿನ ಕೂಟಗಳಲ್ಲಿ ಗಿಟಾರ್ ನುಡಿಸಿ ಐದು ಮಕ್ಕಳ ಸಂಸಾರ ತೂಗಿಸುತ್ತಿದ್ದರು. ಬಡತನ ಹಸಿಯಾಗಿತ್ತು. ಮಕ್ಕಳನ್ನು ಇದರಿಂದ ದಾಟಿಸಬಲ್ಲದ್ದು ಸಂಗೀತವೊಂದೇ ಎಂದು ಅವರು ನಿಶ್ಚಯಿಸಿಬಿಟ್ಟಿದ್ದರು. ಪಾಕೊನನ್ನು ಶಾಲೆ ಬಿಡಿಸಿದರು. ದಿನಕ್ಕೆ ಹತ್ತು ಹನ್ನೆರಡು ಗಂಟೆಗಳ ಸಾಧನೆ. ಈ ಕಠೋರತೆಯನ್ನು ಹೊಗಳಲು ನನಗೆ ಮನಸ್ಸಿಲ್ಲ. ಒಂದು ಬಾಲ್ಯ ಅದಕ್ಕೆ ಬೆಲೆಯಾಗಿ ಸಂದಿದೆ. ಆದರೆ ಆ ಮನೆಯಲ್ಲಿ ಇನ್ನೊಂದು ಸಂಪತ್ತಿತ್ತು. ಅಣ್ಣ ರಮೋನ್ ಆಗಲೇ ಗಿಟಾರ್ ವಾದಕ, ಇನ್ನೊಬ್ಬ ಅಣ್ಣ ಪೆಪೆ ಹಾಡುಗಾರ. ತಂತಿ ಮುಟ್ಟುವ ಮೊದಲೇ ತಾಳ ಹುಡುಗನ ಕಿವಿಯಲ್ಲಿ ಇಳಿದಿತ್ತು.

ಆ ತಾಳವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ದಕ್ಷಿಣ ಸ್ಪೇನಿನ ಆಂದಾಲೂಸಿಯಾ ಪ್ರಾಂತ್ಯದ ಹಾಡು, ಕುಣಿತ, ಗಿಟಾರುಗಳ ಫ್ಲಮೆಂಕೊ ಸಂಗೀತದ ಪ್ರಾಣವೇ ಅದು. ಅವರು ಅದನ್ನು ಕೊಂಪಾಸ್ ಎನ್ನುತ್ತಾರೆ. ಬುಲೆರಿಯಾ ಎಂಬ ಪ್ರಕಾರದಲ್ಲಿ ಒಂದು ಆವರ್ತನಕ್ಕೆ ಹನ್ನೆರಡು ಎಣಿಕೆ. ಅದನ್ನು ಒಡೆಯುವ ಬಗೆಗಳು ಹಲವು; ಎಲ್ಲಕ್ಕಿಂತ ಪರಿಚಿತವಾದದ್ದು ಮೂರು, ಮೂರು, ಎರಡು, ಎರಡು, ಎರಡು. ನಮ್ಮ ಮೃದಂಗದ ಸೊಲ್ಲಿನಲ್ಲಿ ಹೇಳಿ ನೋಡಿ: ತಕಿಟ ತಕಿಟ ತಕ ತಕ ತಕ. ಕೈಯಲ್ಲಿ ತಟ್ಟುತ್ತಾ ಎರಡು ಮೂರು ಸಲ ಹೇಳಿದರೆ, ತಕಿಟದಿಂದ ತಕಕ್ಕೆ ಹೊರಳುವ ಜಾಗದಲ್ಲಿ ಮೈ ತಾನಾಗಿ ಒಮ್ಮೆ ಜಗ್ಗುತ್ತದೆ. ಹಾಡುಗಾರ, ನರ್ತಕಿ, ಚಪ್ಪಾಳೆ ತಟ್ಟುವವರು, ಗಿಟಾರ್ ವಾದಕ ಎಲ್ಲರೂ ಆ ಜಗ್ಗಿನ ಮೇಲೆಯೇ ತೂಗಾಡುತ್ತಾರೆ. ಎಷ್ಟೇ ವೇಗವಾಗಿ ಬೆರಳಾಡಿಸಿದರೂ ಕೊಂಪಾಸ್ ತಪ್ಪಿದವನನ್ನು ಆಂದಾಲೂಸಿಯಾದ ರಸಿಕರು ಕ್ಷಮಿಸುವುದಿಲ್ಲ.

ಇಂಥ ಸಂಗೀತದಲ್ಲಿ ಗಿಟಾರಿಗೆ ಇದ್ದ ಸ್ಥಾನ ಪಕ್ಕವಾದ್ಯದ್ದು. ಹಾಡು ಮೊದಲು, ಕುಣಿತ ಆಮೇಲೆ, ಗಿಟಾರ್ ಅವೆರಡರ ಬೆನ್ನಿಗೆ. ಒಂಟಿಯಾಗಿ ನುಡಿಸಿ ಹೆಸರು ಮಾಡಿದವರು ಇರಲಿಲ್ಲವೆಂದಲ್ಲ. ಹುಡುಗ ಪಾಕೊನ ಆರಾಧ್ಯ ನೀನ್ಯೊ ರಿಕಾರ್ದೊ. ಆತನ ಪ್ರತಿಯೊಂದು ಫಾಲ್ಸೆತಾ, ಅಂದರೆ ಹಾಡಿನ ನಡುವೆ ಗಿಟಾರಿಗೆ ಸಿಗುವ ಸ್ವಂತ ಪಲುಕು, ಇವನ ಬೆರಳ ತುದಿಯಲ್ಲಿತ್ತು. ಹದಿಹರೆಯದಲ್ಲಿ ಹೊಸೆ ಗ್ರೆಕೊ ಅವರ ನೃತ್ಯತಂಡದೊಡನೆ ಅಮೆರಿಕಕ್ಕೆ ಹೋದಾಗ ನ್ಯೂಯಾರ್ಕಿನಲ್ಲಿ ಸಬೀಕಾಸ್ ಅವರನ್ನು ಕಂಡ. ಅಂತರ್ಯುದ್ಧದ ಕಾಲದಲ್ಲಿ ಸ್ಪೇನ್ ತೊರೆದು ಹೋಗಿದ್ದ ಹಿರಿಯ ವಾದಕ ಅವರು. ಹುಡುಗನ ಗಿಟಾರ್ ಕೇಳಿ, ಇನ್ನೊಬ್ಬರದ್ದನ್ನು ನುಡಿಸಬೇಡ, ನಿನ್ನದನ್ನು ನುಡಿಸು ಎಂಬ ಅರ್ಥದ ಮಾತು ಹೇಳಿದರು. ಆ ಮಾತು ಸುಡುವಂಥದ್ದು. ಅದನ್ನು ಎದೆಯಲ್ಲಿಟ್ಟುಕೊಂಡೇ ಅವನು ಊರಿಗೆ ಮರಳಿದ.

ಪಾಕೊ ಅವರ ಜೀವನದ ಬಹು ದೊಡ್ಡ ಭೇಟಿ ಅರವತ್ತರ ದಶಕದ ಕೊನೆಯಲ್ಲಿ ನಡೆಯಿತು. ಕಾದಿಸ್ ಕೊಲ್ಲಿಯ ದಡದ ಸಾನ್ ಫೆರ್ನಾಂದೊ ಊರಿನ ಒಬ್ಬ ಜಿಪ್ಸಿ ತರುಣ, ತೆಳ್ಳನೆಯ ಮೈ, ಹೊಂಬಣ್ಣದ ಕೂದಲು, ಕಮರೋನ್ ದೆ ಲಾ ಇಸ್ಲಾ ಎಂದು ಹೆಸರು. ಕಮರೋನ್ ಎಂದರೆ ಸೀಗಡಿ. ಆ ಬಿಳಿಯ ಮೈಬಣ್ಣ, ಹೊಂಗೂದಲು ಕಂಡು ಬಂಧುವೊಬ್ಬರು ಪ್ರೀತಿಯಿಂದ ಇಟ್ಟ ಹೆಸರು. ಆ ಕಂಠದಲ್ಲಿ ಶತಮಾನಗಳ ನೋವು ಸೀಳಿಕೊಂಡು ಬರುವಂತೆ ಕೇಳುತ್ತದೆ. 1969ರಿಂದ 1977ರವರೆಗೆ ಇಬ್ಬರೂ ಸೇರಿ ಹೆಚ್ಚುಕಡಿಮೆ ವರ್ಷಕ್ಕೊಂದು ಧ್ವನಿಮುದ್ರಿಕೆ ತಂದರು, ಹಲವುಗಳಲ್ಲಿ ಅಣ್ಣ ರಮೋನ್ ಕೂಡ ಜೊತೆಗಿದ್ದರು. ಪಾಕೊ ದೆ ಲೂಸಿಯಾ ಅವರನ್ನು ನಿಜವಾಗಿ ಅರಿಯಲು ಎಲ್ಲಿಂದ ಆರಂಭಿಸಬೇಕು ಎಂದು ಯಾರಾದರೂ ಕೇಳಿದರೆ ನಾನು ಇವನ್ನೇ ತೋರಿಸುತ್ತೇನೆ. ಕಮರೋನ್ ಉಸಿರೆಳೆದುಕೊಳ್ಳುವ ಕ್ಷಣದಲ್ಲಿ ಗಿಟಾರ್ ಒಂದೇ ಒಂದು ಸ್ವರ ಇಟ್ಟು ಕಾಯುತ್ತದೆ. ಆ ಕಾಯುವಿಕೆಯಲ್ಲಿ ಇರುವ ವಿನಯ ಮುಂದಿನ ಯಾವ ಮಿಂಚಿನ ವೇಗಕ್ಕಿಂತ ನನಗೆ ದೊಡ್ಡದಾಗಿ ಕಾಣುತ್ತದೆ.

ಆದರೆ ಜನಪ್ರಿಯತೆ ಬಂದದ್ದು ಬೇರೆ ದಾರಿಯಿಂದ. 1973ರ ಒಂದು ಆಲ್ಬಮ್ಮಿಗೆ ಇನ್ನೊಂದು ತುಣುಕು ಬೇಕಾಯಿತು. ಬೊಂಗೊ ಎಂಬ ಪುಟ್ಟ ಜೋಡಿ ಚರ್ಮವಾದ್ಯ ಮತ್ತು ಬಾಸ್ ಗಿಟಾರಿನ ಮೇಲೆ ರುಂಬಾ ಎಂಬ ಕುಣಿತದ ಲಯದ ಒಂದು ತುಣುಕನ್ನು ಬಹುಮಟ್ಟಿಗೆ ಸ್ಟುಡಿಯೋದಲ್ಲಿಯೇ ಕಟ್ಟಿದರು. ಅದಕ್ಕೆ ಇಟ್ಟ ಹೆಸರು ‘ಎಂತ್ರೆ ದೋಸ್ ಅಗ್ವಾಸ್’, ಅಂದರೆ ಎರಡು ನೀರುಗಳ ನಡುವೆ. ಅಲ್ಹೆಸೀರಾಸ್ ಇರುವುದೇ ಹಾಗೆ, ಮೆಡಿಟರೇನಿಯನ್ ಮತ್ತು ಅಟ್ಲಾಂಟಿಕ್ ಕೂಡುವ ಜಲಸಂಧಿಯ ಬಾಯಲ್ಲಿ. ಅದು ಸ್ಪೇನಿನ ಮನೆಮನೆಗೂ ಹೋಯಿತು. 1975ರಲ್ಲಿ ಮ್ಯಾಡ್ರಿಡ್‌ನ ರಾಜ ರಂಗಮಂದಿರದಲ್ಲಿ ಅವರ ಕಚೇರಿ ನಡೆಯಿತು. ಹೆಂಡದಂಗಡಿಗಳಲ್ಲಿ, ಮದುವೆಗಳಲ್ಲಿ, ಕೇರಿಗಳಲ್ಲಿ ಬೆಳೆದ ಸಂಗೀತ ಶಾಸ್ತ್ರೀಯ ವೇದಿಕೆಗೆ ತಲೆಯೆತ್ತಿಕೊಂಡು ನಡೆದುಬಂದ ರಾತ್ರಿ ಅದು.

1980ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜಾಜ್ ಗಿಟಾರ್ ವಾದಕರಾದ ಅಲ್ ಡಿ ಮಿಯೋಲಾ ಮತ್ತು ಜಾನ್ ಮೆಕ್‌ಲಾಫ್ಲಿನ್ ಅವರೊಡನೆ ಮೂರು ಗಿಟಾರುಗಳ ಕಚೇರಿ ನಡೆಯಿತು. ಮೆಕ್‌ಲಾಫ್ಲಿನ್ ನಮ್ಮ ಕೇಳುಗರಿಗೆ ಹೊಸಬರಲ್ಲ. ಜಾಕಿರ್ ಹುಸೇನ್, ಎಲ್. ಶಂಕರ್ ಮತ್ತು ಘಟಂ ವಿದ್ವಾನ್ ವಿಕ್ಕು ವಿನಾಯಕರಾಮ್ ಅವರೊಡನೆ ‘ಶಕ್ತಿ’ ತಂಡ ಕಟ್ಟಿದವರು. ಆ ಕಚೇರಿಯ ಮುದ್ರಿಕೆ ಜಗತ್ತಿನಾದ್ಯಂತ ಮಾರಾಟವಾಯಿತು. ಅದರಲ್ಲಿ ಬೆರಗು ಹೆಚ್ಚು, ಆಳ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಆದರೆ ಅಲ್ಲಿ ಕುಳಿತಿದ್ದ ಪಾಕೊಗೆ ಅದು ಪಾಠಶಾಲೆಯಾಗಿತ್ತು. ಹಾರ್ಮನಿಯನ್ನು, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ಹೊಂದಿಸುವ ಬಗೆಯನ್ನು, ಪುಸ್ತಕದಿಂದ ಕಲಿಯದವರು ಜಾಜ್ ವಾದಕರ ಪಕ್ಕದಲ್ಲಿ ಕುಳಿತು ಅದನ್ನು ಕಲಿತರು. ತಾನು ಕಲಿಸಲು ಅಲ್ಲ, ಕಲಿಯಲು ಹೋದದ್ದು ಎಂದು ಅವರೇ ಮುಕ್ತವಾಗಿ ಹೇಳಿಕೊಂಡಿದ್ದಾರೆ.

ಅದೇ ಕಾಲದ ಇನ್ನೊಂದು ಸಂಗತಿ ನನಗೆ ಬಹಳ ಪ್ರಿಯವಾದದ್ದು. ಅವರ ತಂಡ ಪೆರು ದೇಶಕ್ಕೆ ಹೋದಾಗ ಅಲ್ಲಿನ ಕರಿಯ ವಾದಕರೊಬ್ಬರು ಒಂದು ಮರದ ಪೆಟ್ಟಿಗೆಯ ಮೇಲೆ ಕುಳಿತು ಅದನ್ನೇ ಬಾರಿಸುವುದನ್ನು ಕೇಳಿದರು. ಆಫ್ರಿಕಾದಿಂದ ತಂದ ಗುಲಾಮರ ಸಂತತಿಯವರು ಉಳಿಸಿಕೊಂಡಿದ್ದ ಆ ವಾದ್ಯದ ಹೆಸರು ಕಹೋನ್, ಅಂದರೆ ಪೆಟ್ಟಿಗೆ. ನರ್ತಕಿಯ ಹಿಮ್ಮಡಿ ಹಲಗೆಗೆ ಬಡಿಯುವ ನಾದ ಅದರಲ್ಲಿ ಇದೆ ಎಂದು ಪಾಕೊ ಥಟ್ಟನೆ ಗುರುತಿಸಿ, ಪೆಟ್ಟಿಗೆಯನ್ನು ಸ್ಪೇನಿಗೆ ತಂದರು. ಬ್ರೆಜಿಲ್‌ನ ವಾದಕ ರುಬೆಮ್ ದಾಂತಾಸ್ ಪಾಕೊ ತಂಡದಲ್ಲಿ ಅದನ್ನು ನುಡಿಸಿದರು. ಇಂದು ಕಹೋನ್ ಇಲ್ಲದ ಫ್ಲಮೆಂಕೊ ತಂಡ ಅಪರೂಪ. ಅದು ಅನಾದಿಯಿಂದ ಅಲ್ಲಿಯದೇ ಎಂದು ಅನೇಕರು ತಿಳಿದಿದ್ದಾರೆ.

1991ರಲ್ಲಿ ಪಾಕೊ ಸ್ಪೇನಿನ ಹೊವಾಕಿನ್ ರೊದ್ರೀಗೊ ಅವರ ಅರಾನ್‌ಹುಯೆಸ್ ಕಾನ್ಸರ್ಟೊವನ್ನು, ಅಂದರೆ ಗಿಟಾರ್ ಮತ್ತು ವಾದ್ಯವೃಂದಕ್ಕೆ ಬರೆದ ಶಾಸ್ತ್ರೀಯ ಕೃತಿಯನ್ನು, ನುಡಿಸಿದರು. ಸ್ವರಲಿಪಿ ಓದಲು ಬಾರದ ಮನುಷ್ಯ ಅದಕ್ಕಾಗಿ ತಿಂಗಳುಗಟ್ಟಲೆ ಹೆಣಗಿದರು. ತೊಂಬತ್ತರ ಸಮೀಪದ ಅಂಧ ರಚನಕಾರರು ಸ್ವತಃ ಕುಳಿತು ಕೇಳಿದರು. ಶಾಸ್ತ್ರೀಯ ವಾದಕರು ನಾದದ ನುಣುಪನ್ನು ಹೆಚ್ಚು ಕಾಪಾಡುತ್ತಾರೆ, ನಿಜ. ಆದರೆ ಪಾಕೊ ಅದರ ಲಯಕ್ಕೆ ಕೊಟ್ಟ ಬಿಗುವು ಬೇರೆ ಕಡೆ ನನಗೆ ಸಿಕ್ಕಿಲ್ಲ.

ಮರುವರ್ಷ, 1992ರ ಜುಲೈ 2ರಂದು ಕಮರೋನ್ ತೀರಿಕೊಂಡರು. ವಯಸ್ಸು ನಲವತ್ತೊಂದು. ಪಾಕೊ ಕುಸಿದುಹೋದರು.

2004ರಲ್ಲಿ ಸ್ಪೇನಿನ ಆಸ್ತೂರಿಯಾಸ್ ರಾಜಕುಮಾರ ಪ್ರಶಸ್ತಿ, 2010ರಲ್ಲಿ ಅಮೆರಿಕದ ಬರ್ಕ್ಲಿ ಸಂಗೀತ ಕಾಲೇಜಿನ ಗೌರವ ಡಾಕ್ಟರೇಟ್, ಹೀಗೆ ಮನ್ನಣೆಗಳು ಬಂದವು. 2014ರ ಫೆಬ್ರವರಿ 25ರಂದು ಮೆಕ್ಸಿಕೊದ ಕಡಲತೀರದ ಪ್ಲಾಯಾ ದೆಲ್ ಕಾರ್ಮೆನ್‌ನಲ್ಲಿ ಹೃದಯಾಘಾತ. ಅರವತ್ತಾರು ವರ್ಷದ ದೇಹವನ್ನು ಅಲ್ಹೆಸೀರಾಸ್‌ಗೆ ತಂದು ಮಣ್ಣು ಮಾಡಿದರು.

ತಾನು ಆಗಬೇಕೆಂದಿದ್ದದ್ದು ಹಾಡುಗಾರ ಎಂದು ಅವರು ಹೇಳುತ್ತಿದ್ದರು. ನಾಚಿಕೆ ಬಿಡಲಿಲ್ಲ, ಗಿಟಾರಿನ ಹಿಂದೆ ಅಡಗಿಕೊಂಡರು. 1998ರಲ್ಲಿ ತಾಯಿಯ ಹೆಸರಿನಲ್ಲೇ ಒಂದು ಆಲ್ಬಮ್ ತಂದರು, ‘ಲೂಸಿಯಾ’. ಅದರ ಮೊದಲ ತುಣುಕಿಗೆ ಹುಟ್ಟೂರಿನ ಪುಟ್ಟ ಹೊಳೆಯ ಹೆಸರಿದೆ, ಜೇನಿನ ಹೊಳೆ ಎಂದು ಅದರ ಅರ್ಥ. ಕೊನೆಯ ತುಣುಕಿನ ಹೆಸರು ‘ಕಮರೋನ್’. ಅಲ್ಲಿ ಗಿಟಾರ್ ಬಹಳ ಹೊತ್ತು ಒಂಟಿಯಾಗಿ ನಡೆಯುತ್ತದೆ. ಆಮೇಲೆ ಒಂದು ಗಂಡುದನಿ ಕೇಳುತ್ತದೆ. ಪಳಗಿದ ಕಂಠವಲ್ಲ, ಸ್ವಲ್ಪ ಒರಟು, ಸ್ವಲ್ಪ ಅಳುಕು. ಗೆಳೆಯನಿಗಾಗಿ ಪಾಕೊ ತಾವೇ ಹಾಡುತ್ತಿದ್ದಾರೆ.