ಅಂಗೈ ಮೇಲೆ ಬರೆದ ಮಳೆ

ಬೆಳಗ್ಗೆ ಏಳು ಗಂಟೆ. ಇದು ಬೀಜಿಂಗಿನ ತಿಯಾನ್‌ತಾನ್ ಪಾರ್ಕ್. ನೆಲದ ಮೇಲೆ ಅಕ್ಷರಗಳು ಕಾಣುತ್ತಿವೆಯಲ್ಲ, ಅದು ಮಸಿ ಅಲ್ಲ, ಬರೀ ನೀರು. ಈ ತಾತ ಉದ್ದ ಕೋಲಿನ ತುದಿಗೆ ಸ್ಪಂಜು ಸಿಕ್ಕಿಸಿಕೊಂಡು ಕಲ್ಲುಹಾಸಿನ ಮೇಲೆ ಬರೆಯುತ್ತಿದ್ದಾರೆ. ಇಲ್ಲಿ ಇದನ್ನು ದೀಶೂ ಅಂತಾರೆ, ನೆಲದ ಬರಹ. ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಆದರೂ ಒಂದು ಗೆರೆಯನ್ನೂ ಅವರು ಹಿಂದೆಮುಂದೆ ಮಾಡುವುದಿಲ್ಲ. ಅವರ ಕೈ ನೋಡುವುದಕ್ಕೇ ನಾನು ಬರುತ್ತೇನೆ.

ಚೀನೀ ಭಾಷೆ ಕಲಿಯಲು ಶುರು ಮಾಡಿದಾಗ ನಾನು ಅಕ್ಷರಗಳನ್ನು ಚಿತ್ರದ ಹಾಗೆ ಬಿಡಿಸುತ್ತಿದ್ದೆ. ದೇಶಕ್ಕೆ ಇವರು ಗ್ವೋ ಅಂತಾರೆ. ಒಂದು ಚೌಕ, ಅದರೊಳಗೆ ಜೇಡ್ ಕಲ್ಲಿನ ಅಕ್ಷರ, ಒಟ್ಟು 8 ಗೆರೆ. ನಾನು ಮೊದಲು ಚೌಕ ಪೂರ್ತಿ ಮಾಡಿ, ಆಮೇಲೆ ಒಳಗೆ ತುಂಬಿಸುತ್ತಿದ್ದೆ. ನಮ್ಮ ಟೀಚರ್ ಪೆನ್ನು ತಡೆದು ಹೇಳಿದರು: "ಮೊದಲು ಜನ ಒಳಗೆ ಬರಲಿ, ಆಮೇಲೆ ಬಾಗಿಲು ಹಾಕು." ಇಲ್ಲಿನ ಮಕ್ಕಳಿಗೂ ಹೀಗೇ ಹೇಳಿಕೊಡುತ್ತಾರೆ. ಎಡಗೋಡೆ, ಮೇಲಿಂದ ತಿರುಗಿ ಬಲಗೋಡೆ, ಒಳಗಿನ ಕಲ್ಲು. ಕೆಳಗಿನ ಗೆರೆ ಕೊನೆಗೆ. ಅವತ್ತಿನಿಂದ ಆ ಅಕ್ಷರ ನನಗೆ ಮರೆತಿಲ್ಲ.

ಗೆರೆಗಳನ್ನು ಎಳೆಯುವುದಕ್ಕೆ ಒಂದು ಕ್ರಮ ಇದೆ: ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಅಡ್ಡ ಗೆರೆ ಮೊದಲು, ಉದ್ದ ಗೆರೆ ಆಮೇಲೆ. ಒಂದು ಸಂಜೆಯಲ್ಲಿ ಬಾಯಿಪಾಠ ಆಗುತ್ತದೆ. ಕೈಗೆ ಬರಲು ತಿಂಗಳುಗಳು ಬೇಕು. "ಚಿಕ್ಕದು" ಅನ್ನುವ ಅಕ್ಷರದಲ್ಲಿ ನಡುವಿನ ಗೆರೆ ಮೊದಲು, ಅಕ್ಕಪಕ್ಕದ್ದು ಆಮೇಲೆ. "ಬೆಂಕಿ"ಯಲ್ಲಿ ಉಲ್ಟಾ. ಎರಡೂ ಕಡೆಯ ಕಿಡಿಗಳು ಮೊದಲು, ಆಮೇಲೆ ನಡುವೆ ಮನುಷ್ಯ ಕಾಲು ಅಗಲಿಸಿ ನಿಂತ ಹಾಗಿನ ಎರಡು ಗೆರೆ. ನನಗೆ ತುಂಬಾ ಇಷ್ಟವಾದ ಅಕ್ಷರ ಇದು.

"ಗದ್ದೆ"ಯ ಅಕ್ಷರ ನೋಡಿ, ಕಿಟಕಿಯ ಹಾಗಿದೆ ಅಲ್ವಾ? ಚೀನಾದಲ್ಲಿ ಒಳಗಿನ ಅಡ್ಡ ಗೆರೆ ಮೊದಲು, ಜಪಾನಿನಲ್ಲಿ ಉದ್ದ ಗೆರೆ ಮೊದಲು. ಚೀನಾ ಸರ್ಕಾರ 8105 ಅಕ್ಷರಗಳಿಗೆ ಗೆರೆಗಳ ಕ್ರಮ ಗೊತ್ತು ಮಾಡಿದೆ, 2021ರ ಮಾರ್ಚ್ 1ರಿಂದ ಅದು ಜಾರಿಯಲ್ಲಿದೆ. ನಾನು ಇದನ್ನೇ ಹಿಡಿದುಕೊಂಡಿದ್ದೇನೆ. ಎರಡನ್ನೂ ಬೆರೆಸಿದರೆ ಕೈ ತಡವರಿಸುತ್ತದೆ.

ಇದು ನನ್ನ ಪುಸ್ತಕ. ತೆಳು ಕೆಂಪು ಬಣ್ಣದಲ್ಲಿ ಅಕ್ಷರ ಅಚ್ಚಾಗಿದೆ, ಅದರ ಮೇಲೇ ಬರೆಯಬೇಕು. ಇದರ ಹೆಸರು ಮ್ಯಾವ್‌ಹೋಂಗ್. ಮೊದಲ ಸಲ ನೋಡಿದಾಗ ನಮ್ಮಜ್ಜ ನೆನಪಾದರು. ಸ್ಲೇಟಿನ ಮೇಲೆ ದೊಡ್ಡದಾಗಿ "ಅ" ಬರೆದುಕೊಟ್ಟು "ತಿದ್ದು ಪುಟ್ಟಿ" ಅನ್ನುತ್ತಿದ್ದರು. ಗೆರೆ ದಪ್ಪ ಆಗುವ ತನಕ ಬಳಪ ಆಡಿಸುತ್ತಿದ್ದೆ. ಈಗ ಮತ್ತೆ ತಿದ್ದುತ್ತಿದ್ದೇನೆ, ದಿನಕ್ಕೆ ಎರಡು ಪುಟ.

ಇಷ್ಟೆಲ್ಲ ಯಾಕೆ ಅಂತ ಮನೆಯವರು ಕೇಳುತ್ತಾರೆ. ಫೋನಿನಲ್ಲಿ ಟೈಪ್ ಮಾಡಿದರೆ ಆಯ್ತಲ್ವಾ? ಆಗುತ್ತದೆ. ಆದರೆ ಇಲ್ಲಿಯವರು ಅವಸರದಲ್ಲಿ ಬರೆಯುವಾಗ ಪೆನ್ನು ಎತ್ತುವುದೇ ಇಲ್ಲ. ಒಂದು ಗೆರೆಯ ಕೊನೆ ಮುಂದಿನ ಗೆರೆಯ ಶುರುವಿಗೆ ಸೇರಿಕೊಳ್ಳುತ್ತದೆ. ಯಾವುದಾದ ಮೇಲೆ ಯಾವುದು ಅಂತ ಗೊತ್ತಿಲ್ಲದಿದ್ದರೆ ಅದು ಸುಮ್ನೆ ಗೀಚಿದ ಹಾಗೆ ಕಾಣುತ್ತದೆ.

ಇವತ್ತು ತಾತ ನನ್ನ ಹೆಸರು ಕೇಳಿದರು. ನನ್ನ ಹೆಸರಿನ ಅರ್ಥ ಮಳೆ, ಹಾಗಾಗಿ ಇಲ್ಲಿ ನಾನು ಯೂ. ಯಾವ ಯೂ ಅಂದರು. ಗರಿಯೂ ಯೂ, ಮಾತೂ ಯೂ, ಮಳೆಯೂ ಯೂ. ಹೇಳುವಾಗಿನ ದನಿಯ ಏರಿಳಿತವೂ ಒಂದೇ. ನಾನು ಅಂಗೈ ಚಾಚಿ ಬೆರಳಲ್ಲಿ ಬರೆದೆ. ಮೇಲೆ ಅಡ್ಡ ಗೆರೆ. ಎಡಕ್ಕೊಂದು ಉದ್ದ ಗೆರೆ. ಬಲಕ್ಕೆ ತಿರುಗಿ ಇಳಿದು ಕೊಕ್ಕೆ. ನಡುವೆ ಇನ್ನೊಂದು ಉದ್ದ ಗೆರೆ. ಆಮೇಲೆ ಹನಿಗಳು. ಅಂಗೈ ಮೇಲೆ ಏನೂ ಮೂಡಿರಲಿಲ್ಲ. ಮೂರನೇ ಹನಿ ಇಡುವಷ್ಟರಲ್ಲಿ ತಾತ ನಕ್ಕರು. "ಶ್ಯಾ ಯೂ ದ ಯೂ!" ಮಳೆ ಬರುತ್ತದಲ್ಲ, ಆ ಯೂ.

ಆಮೇಲೆ ಸ್ಪಂಜು ಅದ್ದಿ, ಕಲ್ಲಿನ ಮೇಲೆ ಅದನ್ನು ದೊಡ್ಡದಾಗಿ ಬರೆದುಕೊಟ್ಟರು.